ಎರಡನೇ ಫ್ಯಾನಿನ ಜೊತೆ ಮಾತುಕತೆ

ಹೊಸದುರ್ಗದ ಮದುವೆ, ಹೊಳಲ್ಕೆರೆಯ ಆರತಕ್ಷತೆ, ಎರಡರ ವಿಡಿಯೊನೂ ಒಂದೇ ವಾರದಲ್ಲಿ ಕೊಡಬೇಕು. ಹಿರಿಯೂರಿನ ಆ ಫೋಟೊ ಸ್ಟುಡಿಯೊದ ಕಂಪ್ಯೂಟರ್ ಮಾತ್ರ ಮಾಂಗಲ್ಯಧಾರಣೆ ಬರುವಷ್ಟರಲ್ಲಿ ಕಾದು ಮುಗ್ಗರಿಸುತ್ತಿತ್ತು. ಮಾಲೀಕರು ಪ್ರೊಸೆಸರಿನ ಕೂಲರಿಗೆ ಇನ್ನೊಂದು ಫ್ಯಾನ್ ಹಾಕಿಸಿದರು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಸದಾ ತೆರೆದೇ ಇರುವುದರಿಂದ ಹೊಸಬರನ್ನು ಮಾತಾಡಿಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ತಮ್ಮ ಹುದ್ದೆ?

ಹೆಚ್ಚುವರಿ ಫ್ಯಾನ್, ಪ್ರೊಸೆಸರ್ ಕೂಲರ್ ವಿಭಾಗ. ಮಂಜೂರಾದ ಹುದ್ದೆ ಅಲ್ಲ ಸ್ವಾಮಿ. ಡಬ್ಬದಲ್ಲಿ ಬಂದೋನು ನಮ್ಮಣ್ಣ ಒಬ್ಬನೇ. ನನ್ನನ್ನ ಆಮೇಲೆ ತಂತಿ ಕ್ಲಿಪ್ಪು ಸಿಗಿಸಿ ನಿಯೋಜನೆ ಮೇಲೆ ಕೂರಿಸಿದ್ರು.

ಕೆಲಸ ಏನು?

ನಡುವೆ ಅಲ್ಯೂಮಿನಿಯಂ ಪಟ್ಟಿಗಳ ಗೋಪುರ ಐತಲ್ಲ, ಅದರ ಮುಂದೆ ನಿಂತು ಅಣ್ಣ ಗಾಳಿ ನೂಕ್ತಾನೆ. ನಾನು ಹಿಂದಿನಿಂದ ಎಳೀತೀನಿ.

ಅಂದರೆ ಗಾಳಿ ಎರಡರಷ್ಟು!

ಮಾಲೀಕರೂ ಹಂಗೇ ಅಂದ್ಕೊಂಡು ದುಡ್ಡು ಕೊಟ್ರು. ಒಬ್ಬರ ಹಿಂದೆ ಒಬ್ಬರು ನಿಂತರೆ ಗಾಳಿ ಎರಡರಷ್ಟಾಗಲ್ಲ, ನೂಕೋ ಒತ್ತಡ ಹೆಚ್ಚುತ್ತೆ. ಪಟ್ಟಿಗಳು ಒತ್ತೊತ್ತಾಗಿದ್ರೆ ಆ ಒತ್ತಡ ಉಪಯೋಗಕ್ಕೆ ಬರುತ್ತೆ. ಬಿಡಿಬಿಡಿಯಾಗಿದ್ರೆ ಅಣ್ಣನೇ ಸಾಕು.

ಎಷ್ಟು ಡಿಗ್ರಿ ಇಳಿಸಿದಿರಿ?

ಎರಡು. ಒಳ್ಳೇ ದಿನ ಮೂರು.

ಅಷ್ಟೇನಾ?

ಅಂಗಡಿಯೊಳಗೇ 36 ಡಿಗ್ರಿ ಇದ್ರೆ ನಾನೇನು ಮಾಡ್ಲಿ? ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡೋ ವಿದ್ಯೆ ಯಾವ ಫ್ಯಾನಿಗೂ ಗೊತ್ತಿಲ್ಲ. ಪ್ರೊಸೆಸರ್ 100ರ ಹತ್ತಿರ ಹೋದ್ರೆ ತಾನೇ ವೇಗ ಇಳಿಸ್ಕೊಂಡು ಜೀವ ಉಳಿಸ್ಕೊಳ್ಳುತ್ತೆ. ಆ ಅಂಚಿನಲ್ಲಿ ಎರಡು ಡಿಗ್ರಿ ಅಂದ್ರೆ ಸಣ್ಣದಲ್ಲ. ಬೇರೆ ಹೊತ್ತಲ್ಲಿ ಸಣ್ಣದೇ.

ಜೋಗಿಮಟ್ಟಿಯ ಗಾಳಿಯಂತ್ರಗಳು ತಮ್ಮ ನೆಂಟರೇ?

ದೊಡ್ಡಪ್ಪಂದಿರು. ಆದ್ರೆ ಅವರ ದಾರಿ ಬೇರೆ, ನಮ್ಮದು ಬೇರೆ. ಅವರು ಗಾಳಿ ತಗೊಂಡು ಕರೆಂಟು ಕೊಡ್ತಾರೆ, ನಾವು ಕರೆಂಟು ತಗೊಂಡು ಗಾಳಿ ಕೊಡ್ತೀವಿ. ಮುಂದಿನವರು ಶಕ್ತಿ ಹೀರಿಬಿಟ್ಟ ಗಾಳಿ ಹಿಂದಿನವರಿಗೆ ಸಾಲಲ್ಲ, ಅದಕ್ಕೇ ಅವರು ತಮ್ಮ ರೆಕ್ಕೆಚಕ್ರದ ಅಡ್ಡಳತೆ ನೋಡ್ಕೊಂಡು ದೂರ ದೂರ ನಿಲ್ತಾರೆ. ದುಡಿಯೋರಿಗೆ ಜಾಗ ಬೇಕು ಸ್ವಾಮಿ. ಖರ್ಚು ಮಾಡೋರು ಒತ್ತೊತ್ತಾಗಿ ನಿಂತರೂ ನಡೆಯುತ್ತೆ. ಯಾವ ಕಚೇರಿಗಾದ್ರೂ ಹೋಗಿ ನೋಡಿ.

(ನೋಡಿದ್ದೇವೆ.)

ಬಂದ ದಿನವೇ ಗಲಾಟೆ ಆಯಿತಂತೆ?

ನನ್ನನ್ನ ತಿರುವುಮುರುವು ಕೂರಿಸಿದ್ರು. ಅಣ್ಣ ಇತ್ತಿಂದ ನೂಕಿದ, ನಾನು ಅತ್ತಿಂದ ನೂಕಿದೆ. ಬಿಸಿಗಾಳಿ ನಡುವೆ ಸಿಕ್ಕಿ ಒದ್ದಾಡ್ತು. ಇಬ್ರೂ ಪೂರ್ತಿ ವೇಗ, ಹಾಜರಾತಿ ನೂರಕ್ಕೆ ನೂರು, ಪ್ರೊಸೆಸರ್ ಮೊದಲಿಗಿಂತ ಬಿಸಿ! ನನ್ನ ಚೌಕಟ್ಟಿನ ಮೇಲೇ ಬಾಣದ ಗುರುತು ಐತೆ. ಅದು ಕಾಣದಿದ್ರೆ, ಮೋಟಾರನ್ನ ಹಿಡ್ಕೊಂಡಿರೋ ಅಡ್ಡಪಟ್ಟಿ ಯಾವ ಕಡೆ ಐತೋ ಆ ಕಡೆಯಿಂದ ಗಾಳಿ ಹೊರಗೆ ಬರುತ್ತೆ. ನೋಡಬೇಕಷ್ಟೆ. ಸಂಜೆ ಯಾರೋ ನೋಡಿದ್ರು.

ಎರಡು ಇಲಾಖೆಗಳ ಸಮನ್ವಯ ಅನ್ನಿ.

ನೀವು ಅನ್ನಿ. ನಾನು ನಿಯೋಜನೆ ಮೇಲಿರೋನು.

ಪಟ್ಟಿಗಳ ನಡುವೆ ಅದೇನು, ಕಂಬಳಿ ಇದ್ದ ಹಾಗಿದೆ?

ಹೆದ್ದಾರಿ ಧೂಳು. ಪುಣೆ ಬೆಂಗಳೂರು ರಸ್ತೆದು ಒಂದು ಪದರ, ಅಂಗಡಿ ಗುಡಿಸಿದ್ದು ಒಂದು ಪದರ, ಮಧ್ಯೆ ಊದುಬತ್ತಿ ಬೂದಿ. ಬ್ರಷ್ ಹಿಡಿದು ಹತ್ತು ನಿಮಿಷ ಕೂತಿದ್ರೆ, ಪ್ರೊಸೆಸರ್ ಮೇಲೆ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದ್ರೆ, ನನ್ನನ್ನ ಕರೆಸೋ ಕೆಲಸವೇ ಇರ್ತಿರಲಿಲ್ಲ ಅನ್ಸುತ್ತೆ.

ಮತ್ತೆ ಯಾಕೆ ಮಾಡಲಿಲ್ಲ?

ಧೂಳು ತೆಗೆದದ್ದು ಗಿರಾಕಿಗೆ ಕಾಣುತ್ತಾ? ನನ್ನ ಮೈಯಲ್ಲಿ ಬಣ್ಣದ ಲೈಟು ಐತೆ.

ಇಷ್ಟು ನೇರ ಉತ್ತರ ನಮ್ಮ ತಾಲ್ಲೂಕಿನಲ್ಲಿ ಈಚೆಗೆ ಯಾವ ಹೆಚ್ಚುವರಿಯವರಿಂದಲೂ ಸಿಕ್ಕಿರಲಿಲ್ಲ.

ಹಾಗಾದರೆ ತಾವು ದಂಡ ಎಂದು ಬರೆಯಬಹುದೇ?

ತಡೀರಿ. ಇದೇ ಊರಿನ ಪಕ್ಕದ ಮಾರಿಕಣಿವೆ ಅಣೆಕಟ್ಟು ನೋಡಿದೀರಲ್ಲ? 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿತ್ತು, ಆಮೇಲೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಆ ಕೋಡಿ ಸುಮ್ಮನೆ ಬಿಸಿಲು ಕಾಯ್ತು. ಯಾರಾದ್ರೂ ಅದನ್ನ ದಂಡ ಅಂದ್ರಾ? ನಾಳೆ ಅಣ್ಣನ ಬೇರಿಂಗ್ ಹೋದ್ರೆ ಮದುವೆ ವಿಡಿಯೊ ನಿಲ್ಲಲ್ಲ, ನಾನಿದೀನಿ. ಇನ್ನೊಂದು ಮಾತು: ಇಬ್ಬರೂ ನಿಧಾನವಾಗಿ ತಿರುಗಿದ್ರೆ ಒಬ್ಬನೇ ಕಿರುಚಾಡೋದಕ್ಕಿಂತ ಸದ್ದು ಕಮ್ಮಿ. ಇದನ್ನ ಬರ್ಕೊಳ್ಳಿ.

ಬರೆದುಕೊಂಡೆವು. ತಮ್ಮ ಕೆಲಸದ ವರದಿ ಯಾರಿಗೆ ಹೋಗುತ್ತದೆ?

ಅಲ್ಲೇ ನೋಡಿ ಇರೋದು. ಮದರ್‌ಬೋರ್ಡಿನಲ್ಲಿ ಎರಡನೇ ಫ್ಯಾನಿಗೆ ಬೇರೆ ಜಾಗ ಇದ್ರೂ, ಇವರು ವೈ ಕೇಬಲ್ ಹಾಕಿ ಇಬ್ಬರನ್ನೂ ಒಂದೇ ಪಿನ್ನಿಗೆ ಕಟ್ಟಿದಾರೆ. ಅಣ್ಣನ ಕಡೆ ನಾಲ್ಕು ತಂತಿ, ನನ್ನ ಕಡೆ ಮೂರೇ. ಇಲ್ಲದೇ ಇರೋದು ವೇಗ ಹೇಳೋ ತಂತಿ. ಪರದೆ ಮೇಲೆ ಕಾಣೋ ಲೆಕ್ಕವೆಲ್ಲ ಅಣ್ಣನದೇ.

ತಾವು ನಿಂತುಹೋದರೆ?

ಮೇಲಿನೋರಿಗೆ ಗೊತ್ತಾಗಲ್ಲ.

ಈಗಂತೂ ತಿರುಗುತ್ತಿದ್ದೀರಲ್ಲ?

ತಿರುಗ್ತಿದೀನಿ. ಸ್ವಂತ ಕರೆಂಟಿನಿಂದಲೋ, ಅಣ್ಣನ ಗಾಳಿ ಬಡಿದೋ, ಅದನ್ನ ಮಾತ್ರ ಕೇಳಬೇಡಿ.