ಎರಡನೇ ವರ್ಷಕ್ಕೆ ಹಾಸ್ಟೆಲ್ ಸೇರುವ ಹುಡುಗ

"ಮೇಷ್ಟ್ರೇ, ಹಾಸ್ಟೆಲ್ ವಾರ್ಡನ್ ಆಗಿದ್ದೋರು ನೀವು. ಹೇಳಿ, ಟ್ರಂಕ್ ಕೊಡಿಸ್ಲೋ ಸೂಟ್‌ಕೇಸ್ ಕೊಡಿಸ್ಲೋ?" ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಅವರ ಮಗ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಬೇರೆ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಾನೆ. ಲ್ಯಾಟರಲ್ ಎಂಟ್ರಿ. ಮೊದಲ ವರ್ಷ ಇಲ್ಲ, ನೇರ ಮೂರನೇ ಸೆಮಿಸ್ಟರ್.

ಟ್ರಂಕೇ ಕೊಡಿಸಿ ಅಕ್ಕಾ, ಬೀಗ ಗಟ್ಟಿಯಾಗಿ ಕೂರುತ್ತೆ, ಮಂಚದಡಿ ತಳ್ಳಬಹುದು ಅಂದೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ನಿಲ್ಲಬಾರದು ಕೂಡ. ಮೊದಲ ವರ್ಷಕ್ಕೆ ಹಾಸ್ಟೆಲ್ ಸೇರುವ ಮಗುವಿಗೂ ಎರಡನೇ ವರ್ಷಕ್ಕೆ ಸೇರುವವನಿಗೂ ಇರುವ ವ್ಯತ್ಯಾಸ ದೊಡ್ಡದು. ಅದನ್ನು ಅಪ್ಪ ಅಮ್ಮ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಮೊದಲ ವರ್ಷದವರಿಗೆ ಎಲ್ಲವೂ ಒಟ್ಟಿಗೆ ಹೊಸದು. ಅಳುವವರೂ ಒಟ್ಟಿಗೆ ಅಳುತ್ತಾರೆ, ಮೆಸ್ಸಿನ ಸಾಂಬಾರನ್ನು ಬೈಯುವವರೂ ಒಟ್ಟಿಗೆ ಬೈಯುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಯಾರ ಜೊತೆ ಯಾರು ಊಟಕ್ಕೆ ಕೂರುವುದು, ಯಾರ ಲ್ಯಾಬ್ ರೆಕಾರ್ಡು ಯಾರಿಗೆ ಹೋಗುವುದು, ಯಾವ ರೂಮಿನಲ್ಲಿ ಕ್ರಿಕೆಟ್ ನೋಡುವುದು ಎಲ್ಲ ಗೊತ್ತಾಗಿ ಹೋಗಿರುತ್ತದೆ. ಅಷ್ಟೊತ್ತಿಗೆ ನಮ್ಮ ಹುಡುಗ ಬರುತ್ತಾನೆ. ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿ, ಪಲ್ಯ ಕೋಸಂಬರಿ ಬಡಿಸಿದ ಮೇಲೆ ಬಂದ ನೆಂಟನ ಹಾಗೆ. ಯಾರೂ ಬೇಡ ಅನ್ನುವುದಿಲ್ಲ, ಆದರೆ ಜಾಗ ಮಾಡಿಕೊಡಲು ಯಾರಾದರೂ ಒಬ್ಬರು ಸರಿಯಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಇವರ ಯುಎಸ್ಎನ್, ಅಂದರೆ ನೋಂದಣಿ ಸಂಖ್ಯೆ ಕೂಡ ಬೇರೆ. ಮೊದಲ ವರ್ಷಕ್ಕೆ ಸೇರಿದವರ ನಂಬರು 001ರಿಂದ ಶುರುವಾದರೆ ಲ್ಯಾಟರಲ್‌ನವರದು 400ರಿಂದ. ಹಾಜರಿ ಕೂಗುವಾಗ ಇವನ ಹೆಸರು ಕೊನೆಗೆ ಬರುತ್ತದೆ. ಮೊದಮೊದಲು ಅದು ಮನಸ್ಸಿಗೆ ತಾಗುತ್ತದೆ ಅಕ್ಕಾ, ನನ್ನೆದುರು ಕೂತು ಹೇಳಿಕೊಂಡ ಹುಡುಗರಿದ್ದಾರೆ.

"ಹಾಗಾದ್ರೆ ಏನು ಮಾಡ್ಬೇಕು?" ಅಂದರು.

ಮೊದಲು ಸೀಟಿನ ಮಾತು. ಕಾಲೇಜಿನ ಸೀಟಲ್ಲ, ಹಾಸ್ಟೆಲ್ಲಿನದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆದೇಶಪತ್ರ ಕೈಗೆ ಬಂದರೆ ಕಾಲೇಜು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ಫೀಸು ಕಟ್ಟಲು ಹೋದ ದಿನವೇ ವಾರ್ಡನ್ ಕಚೇರಿಗೂ ಹೋಗಿ ಬನ್ನಿ. ಹಿಂದುಳಿದ ವರ್ಗಗಳ ಇಲಾಖೆಯ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ ಬೇಕಿದ್ದರೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಅಲ್ಲಿ ಹಳಬರು ನವೀಕರಣ ಮಾಡಿಸಿಕೊಂಡು ಮುಂದುವರಿಯುತ್ತಾರೆ. ಇವನು ಎರಡನೇ ವರ್ಷದವನಾದರೂ ಹೊಸ ಅರ್ಜಿದಾರನೇ, ಉಳಿದ ಜಾಗಕ್ಕೆ ಕಾಯಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ತಂದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ನೋಡಿ. ವಿದ್ಯಾರ್ಥಿವೇತನ ತಡೆದು ನಿಲ್ಲುವುದು ಬಹಳ ಸಲ ಅಲ್ಲೇ. ಹಾಸ್ಟೆಲ್ ಸಿಗದೇ ಹೋದರೆ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. 2013–14ರಲ್ಲಿ ಶುರುವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದ ಯೋಜನೆ ಅದು. ರೂಮು ಬಾಡಿಗೆ ಪೂರ್ತಿ ನೀಗದಿದ್ದರೂ ಬಡವರ ಮನೆಗೆ ಅದು ದೊಡ್ಡ ಆಸರೆ.

ಟಿಸಿ, ಆರು ಸೆಮಿಸ್ಟರಿನ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಕಾರ್ಡು, ಇವೆಲ್ಲದರ ಜೆರಾಕ್ಸ್ ಹೆಚ್ಚಾಗಿಯೇ ಇರಲಿ. ರ‍್ಯಾಗಿಂಗ್ ಮಾಡುವುದಿಲ್ಲವೆಂದು ಹುಡುಗನೂ ನೀವೂ ಬರೆದುಕೊಡುವ ಮುಚ್ಚಳಿಕೆ ಒಂದಿರುತ್ತದೆ. ಯುಜಿಸಿ 2009ರಲ್ಲಿ ತಂದ ನಿಯಮ ಅದು. ಸುಮ್ಮನೆ ಸಹಿ ಹಾಕಿಸಬೇಡಿ, ಅವನ ಹತ್ತಿರ ಓದಿಸಿ. ಎರಡನೇ ವರ್ಷದವನಿಗೆ ಏನು ರ‍್ಯಾಗಿಂಗ್ ಅನ್ನುತ್ತಾರೆ. ಆದರೆ ಹಾಸ್ಟೆಲ್ಲಿಗೆ ಹೊಸಬನಾದವನು ಯಾವ ವರ್ಷದವನಾದರೂ ಹೊಸಬನೇ. 1800–180–5522 ಅನ್ನುವ ಸಹಾಯವಾಣಿ ನಂಬರು ಅವನ ಫೋನಿನಲ್ಲಿ ಇರಲಿ.

ಇನ್ನು ಗಣಿತ. ಇದನ್ನು ಹೇಳುವಾಗ ನಾನು ಕಾಂಪೌಂಡಿನ ಮೇಲೆ ಕೈಯೂರಿ ನಿಂತೇ ಹೇಳಿದೆ, ಏಕೆಂದರೆ ಲ್ಯಾಟರಲ್ ಹುಡುಗರು ಸೋಲುವ ಜಾಗ ಇದೇ. ಜೊತೆಯವರು ಪಿಯುಸಿಯಲ್ಲಿ ಎರಡು ವರ್ಷ, ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮತ್ತೊಂದು ವರ್ಷ ಗಣಿತ ಓದಿ ಬಂದಿರುತ್ತಾರೆ. ಡಿಪ್ಲೊಮಾದಲ್ಲಿ ಅಷ್ಟು ಇಲ್ಲ. ಆ ಅಂತರ ತುಂಬಲೆಂದೇ ವಿಟಿಯು ಬಹುಕಾಲ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತದ ಪಾಠ ಇಟ್ಟುಕೊಂಡು ಬಂದಿದೆ. ಹುಡುಗರು ಅದಕ್ಕೆ ಮ್ಯಾಟ್‌ಡಿಪ್ ಅನ್ನುತ್ತಾರೆ. ಅದರ ಅಂಕ ಗ್ರೇಡಿಗೆ ಸೇರುವುದಿಲ್ಲ ಎಂದು ಉದಾಸೀನ ಮಾಡಿದವರು ಕೊನೆಯ ವರ್ಷದವರೆಗೂ ಅದನ್ನು ಹೊತ್ತು ತಿರುಗಿದ್ದನ್ನು ನೋಡಿದ್ದೇನೆ. ಇನ್ನೊಂದು, ಇವನ ಸಿಜಿಪಿಎಗೆ ಲೆಕ್ಕಕ್ಕೆ ಬರುವುದು ಮೂರರಿಂದ ಎಂಟರವರೆಗಿನ ಆರೇ ಸೆಮಿಸ್ಟರ್. ಒಂದು ಸೆಮಿಸ್ಟರ್ ಕೆಟ್ಟರೆ ಮುಚ್ಚಿಕೊಳ್ಳಲು ಜಾಗ ಕಡಿಮೆ. ಸೀಟು ಹಂಚಿಕೆ ಮುಗಿಯುವಷ್ಟರಲ್ಲಿ ಪಾಠ ಶುರುವಾಗಿರುವುದೂ ಉಂಟು. ಹಾಗಾಗಿ ಬಕೆಟ್ಟು ಕೊಳ್ಳುವ ಮೊದಲು ಪಿಯುಸಿ ಗಣಿತದ ಪುಸ್ತಕ ತನ್ನಿ ಅಕ್ಕಾ. ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎರಡನ್ನು ಅವನು ಇಲ್ಲೇ, ನಿಮ್ಮ ಅಡುಗೆ ತಿಂದುಕೊಂಡೇ ಕೈಗೆ ಹತ್ತಿಸಿಕೊಳ್ಳಲಿ.

ಅಕ್ಕನ ಮುಖ ಸಪ್ಪಗಾಯಿತು. ಅದಕ್ಕೆ ಹೇಳಿದೆ, ನಿಮ್ಮ ಮಗ ಖಾಲಿ ಕೈಯಲ್ಲಿ ಹೋಗುತ್ತಿಲ್ಲ. ಲೇತ್ ಮೇಲೆ ಕೆಲಸ ಮಾಡಿದ್ದಾನೆ, ವೆಲ್ಡಿಂಗ್ ಗೊತ್ತು, ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದಿದ್ದಾನೆ. ವರ್ಕ್‌ಶಾಪಿನಲ್ಲಿ, ಮಷೀನ್ ಡ್ರಾಯಿಂಗಿನಲ್ಲಿ ಉಳಿದವರು ತಡವರಿಸುವಾಗ ಇವನ ಕೈ ತಾನಾಗಿ ಓಡುತ್ತದೆ. ಅಂಥ ದಿನ ಪಕ್ಕದವನಿಗೆ ಹೇಳಿಕೊಟ್ಟರೆ, ರಾತ್ರಿ ಆ ಪಕ್ಕದವನೇ ಗಣಿತ ಹೇಳಿಕೊಡುತ್ತಾನೆ. ಹಾಸ್ಟೆಲ್ಲಿನಲ್ಲಿ ಗೆಳೆತನ ಹುಟ್ಟಿದ್ದನ್ನು ನಾನು ಕಂಡಿರುವುದು ಹೆಚ್ಚಾಗಿ ಹೀಗೆಯೇ.

ಇನ್ನು ಊಟದ ಮಾತು. ನಮ್ಮ ಹಿಂದಿನ ತಲೆಮಾರಿನವರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಆಮೇಲೆ ಮಠಗಳು, ಜನಾಂಗದ ಸಂಘಗಳು, ಸರ್ಕಾರ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ ಮೇಲೆ ಹಳ್ಳಿಯ ಮಕ್ಕಳು ದೊಡ್ಡ ಓದಿಗೆ ಬಂದರು. ಈ ನಾಡಿನ ಎಷ್ಟೋ ಮನೆಗಳ ಮೊದಲ ಪದವೀಧರನನ್ನು ಓದಿಸಿದ್ದು ಹಾಸ್ಟೆಲ್ಲಿನ ಅನ್ನವೇ. ಅದಕ್ಕೇ ಮೆಸ್ಸಿನ ಊಟವನ್ನು ಮಗನೆದುರು ಹಳಿಯಬೇಡಿ ಅಂದೆ.

ಸಾಮಾನು? ತೆಳ್ಳನೆಯ ಹಾಸಿಗೆ, ಕಂಬಳಿ, ಸೊಳ್ಳೆಪರದೆ, ಬಕೆಟ್ಟು, ಮಗ್ಗು, ಎರಡು ಬೀಗ, ಬಟ್ಟೆ ಒಣಹಾಕುವ ಹಗ್ಗ, ಎಕ್ಸ್‌ಟೆನ್ಶನ್ ಬಾಕ್ಸು, ಸ್ಟೀಲ್ ತಟ್ಟೆ ಲೋಟ. ಉಳಿದದ್ದು ಆ ಊರಲ್ಲೇ ಸಿಗುತ್ತೆ. ಶೇಂಗಾ ಚಟ್ನಿಪುಡಿ ಮಾತ್ರ ಎರಡು ಡಬ್ಬಿ ಕಟ್ಟಿ ಕೊಡಿ. ಒಂದು ಅವನಿಗೆ, ಇನ್ನೊಂದು ರೂಮಿನವರಿಗೆ.

"ಶನಿವಾರ ಶನಿವಾರ ಬಂದು ಹೋಗ್ಲಿ ಬಿಡಿ, ಬಸ್ಸಿದೆ" ಅಂದರು. ಅಲ್ಲಿ ಮಾತ್ರ ನಾನು ಒಪ್ಪಲಿಲ್ಲ. ಹಳಬರು ಭಾನುವಾರ ಬಟ್ಟೆ ಒಗೆಯುತ್ತಾರೆ, ಮ್ಯಾಚ್ ಆಡುತ್ತಾರೆ, ಪೇಟೆಗೆ ಹೋಗಿ ದೋಸೆ ತಿನ್ನುತ್ತಾರೆ. ತರಗತಿಯಲ್ಲಿ ಮಾತಾಡದವನೂ ಅಂದು ಮಾತಾಡುತ್ತಾನೆ. ಅದೇ ದಿನ ಇವನು ಊರ ಬಸ್ಸು ಹತ್ತಿದರೆ ವರ್ಷವಿಡೀ ಹೊಸಬನಾಗಿಯೇ ಉಳಿಯುತ್ತಾನೆ. ಸೋಮವಾರ ಬಸ್ಸು ತಡವಾದರೆ ಮೊದಲ ಪೀರಿಯಡ್ಡೂ ಹೋಗುತ್ತದೆ. ವಿಟಿಯು ಕೇಳುವ ಹಾಜರಿ ಶೇಕಡ 85. ಮೊದಲ ಎರಡು ತಿಂಗಳು ನೀವೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ, ಅವನನ್ನು ಕರೆಸಬೇಡಿ.

ಓದುವ ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಮನೆಯ ಮಗನೋ ಮಗಳೋ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಾಸ್ಟೆಲ್ಲಿನಲ್ಲಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ: ಈ ಸೆಮಿಸ್ಟರಿಗೆ ಡಿಪ್ಲೊಮಾದಿಂದ ಬಂದವರು ಯಾರೆಂದು ವಿಚಾರಿಸು, ಅವರನ್ನು ನಿನ್ನ ಜೊತೆ ಊಟಕ್ಕೆ ಕರಿ.