ಹೋಲ್ಡಾನ್, ರೈಟ್!

ನನ್ನ ಸೋದರಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸನ್ನು ಶಿರಾಡಿ ಘಾಟಿ ಹತ್ತಿಸಿ ಇಳಿಸಿದವರು. ಎಲ್ಲಿಗೂ ಹೋಗದೆ ಸುಮ್ಮನೆ ಸುತ್ತುವುದಕ್ಕೆ ದುಡ್ಡು ಕೊಡುವ ಮನುಷ್ಯನನ್ನು ಅವರು ನನ್ನಲ್ಲೇ ಮೊದಲು ಕಂಡದ್ದು. “ಮುನ್ನೂರು ಕಿಲೋಮೀಟರ್ ಹೋಗಿ, ಹೊರಟಲ್ಲಿಗೇ ಬರೋ ರಸ್ತೇಲಿ ಗಾಡಿ ಓಡಿಸ್ತೀಯಾ? ಕಲೆಕ್ಷನ್ ಎಷ್ಟು?” ಎಂದು ಕೇಳಿದ್ದರು.

ಆ ರಸ್ತೆ, ಅಂದರೆ ರೇಸ್ ಟ್ರ್ಯಾಕ್, ಇರುವುದು ಶ್ರೀಪೆರಂಬದೂರಿನ ಹತ್ತಿರ, ಇರುಂಗಾಟ್ಟುಕೋಟೈಯಲ್ಲಿ. 3.7 ಕಿಲೋಮೀಟರ್, ಹನ್ನೆರಡು ತಿರುವು. ಸ್ವಂತ ಕಾರು ತಂದು ಓಡಿಸಬಹುದಾದ ದಿನಗಳಿರುತ್ತವೆ. ಕಳೆದ ಸಲ ಅಲ್ಲಿ ನಾಲ್ಕನೇ ಸುತ್ತಿನಲ್ಲಿ ನಾನು ಬ್ರೇಕ್ ಒತ್ತಿದರೆ ಪೆಡಲ್ ಹತ್ತಿದಿಂಬಿನಂತೆ ಒಳಗೆ ಹೋಯಿತು. ಕಾರು ಮಾತ್ರ ತಿರುವು ಇದೆಯೆಂಬುದನ್ನೇ ಮರೆತು ಹುಲ್ಲಿಗೆ ಮೇಯಲು ಹೋಯಿತು. ಕಾರಿಗೂ ನನಗೂ ಏನೂ ಆಗಲಿಲ್ಲ, ಬಂಪರಿನಲ್ಲಿ ಒಂದು ಹಿಡಿ ಒಣಹುಲ್ಲು ಸಿಕ್ಕಿಕೊಂಡದ್ದು ಬಿಟ್ಟರೆ. ಅಲ್ಲಿದ್ದ ಮೆಕ್ಯಾನಿಕ್ ಹುಲ್ಲು ಕೀಳುತ್ತಾ, “ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಸಾರ್?” ಎಂದ. “ಕಮ್ಮಿಯಾದಾಗ ತುಂಬಿಸ್ತೀನಲ್ಲ!” ಎಂದೆ. ಮೊನ್ನೆಯ ಸಾರಿಗೆ ನೀರು ಬೆರೆಸಿ ಕುದಿಸುವವರನ್ನು ನೋಡುವಂತೆ ನೋಡಿದ.

ಆಮೇಲೆ ಓದಿಕೊಂಡೆ. ಬಾಯಲ್ಲಿ ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆಯಲ್ಲ; ನಿಜವಾದ ಎಣ್ಣೆ ಹೊಯ್ದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಇದು ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಕದ್ದು ಕುಡಿಯುವ ಚಟದ್ದು. ಇದನ್ನು ಅಮ್ಮನಿಗೆ ವಿಜ್ಞಾನವೆಂಬಂತೆ ವಿವರಿಸಿದೆ. “ಮಳೆಗಾಲದ ಹಪ್ಪಳ ಅನ್ನು, ಸಾಕು” ಎಂದಳು. ಸಾಕು ನಿಜ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದಕ್ಕೇ ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನ ಉದ್ದವೂ 3.7, ನೀರಿನ ಪಾಲೂ 3.7, ಇದನ್ನು ಜಾತಕ ನೋಡುವವರಿಗೆ ಬಿಟ್ಟಿದ್ದೇನೆ.

ಬಿಸಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. 1,100 ಕಿಲೋ ತೂಕದ ಕಾರು 140ರ ವೇಗದಿಂದ 60ಕ್ಕೆ ಇಳಿಯುವಾಗ ಹುಟ್ಟುವ ಶಾಖ ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಸಬಲ್ಲದು. ಬೈ-ಟೂ ಕಾಫಿಯ ಲೆಕ್ಕದಲ್ಲಿ ಇಪ್ಪತ್ತು ಜನ ಕುಡಿಯಬಹುದು, ಅದೂ ಒಂದೇ ತಿರುವಿನಲ್ಲಿ. ಆ ಬಿಸಿಯ ಒಂದು ಪಾಲು ಪ್ಯಾಡುಗಳನ್ನು ದಾಟಿ ದ್ರವಕ್ಕೆ ಇಳಿಯುತ್ತದೆ, ದ್ರವ ಕುದಿದು ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಾನು ಅಂದು ಇಡೀ ಭಾರ ಬಿಟ್ಟು ಒತ್ತಿದ್ದು ಗುಳ್ಳೆಯನ್ನು.

ಸರಿ, ಈ ವರ್ಷ ರೇಸಿಂಗ್ ದರ್ಜೆಯ ಡಬ್ಬಿ ತರಲು ಹೋದೆ. 300 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲವಂತೆ. ಬೆಲೆ ಕೇಳಿ ನಾನು ಕುದಿದೆ. ಈ ಡಾಟ್ ಸಂಖ್ಯೆಗಳನ್ನು ಇಟ್ಟವರು ಬೆಂಗಳೂರಿನ ಕ್ರಾಸುಗಳಿಗೆ ನಂಬರು ಹಾಕಿದವರ ನೆಂಟರಿರಬೇಕು. 3, 4, 5.1 ಒಂದೇ ಮನೆಯವು. ನಡುವೆ ಕೂತ 5 ಮಾತ್ರ ಸಿಲಿಕೋನ್, ಉಳಿದವುಗಳ ಜೊತೆ ಸೇರಿಸುವಂತಿಲ್ಲ.

ಹಳೆಯ ದ್ರವ ತೆಗೆದು ಹೊಸದು ತುಂಬುವ ಕೆಲಸಕ್ಕೆ ಇಬ್ಬರು ಬೇಕು. ಕಾರಿನೊಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು. ಚಕ್ರದ ಪಕ್ಕ ಮಲಗಿದವನು ನಿಪ್ಪಲ್ ಸಡಿಲಿಸಿ ಹಳೆಯದನ್ನು ಹೊರಬಿಟ್ಟು, ಮತ್ತೆ ಬಿಗಿದು, “ಬಿಡಿ” ಎನ್ನಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಒಳಕ್ಕೆ ಗಾಳಿ ಹೋಗುತ್ತದೆ. ಒಳಗೆ ಮಾವ, ಹೊರಗೆ ನಾನು. ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ, ಬಾನೆಟ್ಟಿನೊಳಗಿನ ಬ್ರೇಕ್ ಡಬ್ಬಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರು ಮಾಡಿದೆವು.

ಒಂದೆರಡು ಸಲ ಚೆನ್ನಾಗಿಯೇ ಆಯಿತು. ಇನ್ನೊಂದು ಬದಿಯ ನಿಪ್ಪಲ್ ಸ್ವಲ್ಪ ತಿರುಗಿ ಅಲ್ಲೇ ಹಿಡಿದುಕೊಂಡಿತು. ಸ್ಪ್ಯಾನರಿಗೆ ಜೋತುಬಿದ್ದು, “ಬಿಡು ತಾಯಿ, ಬಿಡು” ಎಂದು ಬೇಡಿಕೊಂಡೆ. ಏಕವಚನದಲ್ಲಿ ಕರೆದನಲ್ಲ ಎಂದು ಬೇಸರವಾದರೂ ಮಾವ ವಿಧೇಯರಾಗಿ ಬಿಟ್ಟುಬಿಟ್ಟರು. ನಿಪ್ಪಲಿಗೆ ಸಿಕ್ಕಿಸಿದ್ದ ಕೊಳವೆಯಲ್ಲಿ ದ್ರವ ಹಿಂದಕ್ಕೆ ಓಡಿತು. ಮೊದಲಿಂದ ಶುರು.

“ಈ ಬಿಡು-ಹಿಡಿ ಬೇಡ, ನಮ್ಮ ಕಂಡಕ್ಟರ್ ಭಾಷೆ ಇಟ್ಕೋ” ಎಂದರು ಮಾವ. ಅಲ್ಲಿಂದ ಮುಂದೆ ಹೋಲ್ಡಾನ್ ಎಂದರೆ ಒತ್ತಿ ಹಿಡಿ, ರೈಟ್ ಎಂದರೆ ಬಿಡು. ಕೆಲಸ ಎಕ್ಸ್‌ಪ್ರೆಸ್ ಬಸ್ಸಿನಂತೆ ಓಡಿತು. ಕೊಳವೆಯಲ್ಲಿ ಡಿಕಾಕ್ಷನ್ ಬಣ್ಣ ತಿಳಿಯಾಗುತ್ತಾ ಜೇನಿನ ಬಣ್ಣಕ್ಕೆ ಬಂದಾಗ ನಾಲ್ಕು ಚಕ್ರವೂ ಮುಗಿದಿತ್ತು. ನಡುವೆ ಬಾನೆಟ್ಟಿನ ಅಂಚಿಗೆ ನಾಲ್ಕು ಹನಿ ಬಿತ್ತು. ಇದು ಪೇಂಟನ್ನೂ ತಿನ್ನುತ್ತದೆ, ತಕ್ಷಣ ನೀರು ಹೊಯ್ದು ತೊಳೆಯಬೇಕು. ಒಳಗೆ ಹನಿ ನೀರು ಸೇರಕೂಡದು, ಹೊರಗೆ ಬಿದ್ದರೆ ನೀರೇ ಮದ್ದು; ನನ್ನಜ್ಜಿಯ ಮಡಿಯೂ ಇಷ್ಟು ಗೊಂದಲದ್ದಾಗಿರಲಿಲ್ಲ.

ಉಳಿದದ್ದು ಕ್ಲಚ್. ಈ ಕಾರಿನಲ್ಲಿ ಅದಕ್ಕೂ ಬ್ರೇಕಿನ ಡಬ್ಬಿಯಿಂದಲೇ ದ್ರವ, ಆದರೆ ಕೊಳವೆ ಹೊರಡುವುದು ಸ್ವಲ್ಪ ಮೇಲಿನಿಂದ. ಕ್ಲಚ್ ಸೋರಿ ಖಾಲಿ ಮಾಡಿಕೊಂಡರೂ ಬ್ರೇಕಿನ ಪಾಲು ಉಳಿಯಲಿ ಎಂದು, ತುಂಬಿದ ಮನೆಯಲ್ಲಿ ಅಜ್ಜಿ ಮಜ್ಜಿಗೆ ಎತ್ತಿಡುವ ಹಾಗೆ. ಹೊರಬಂದದ್ದು ಮಾತ್ರ ಕಾಡಿಗೆ. “ಹೋಲ್ಡಾನ್” ಎಂದೆ, ನಿಪ್ಪಲ್ ಬಿಗಿದು “ರೈಟ್” ಎಂದೆ. ಒಳಗಿನಿಂದ ಸದ್ದಿಲ್ಲ.

“ಮಾವ?”

“ಪೆಡಲ್ ಮೇಲೆ ಬರ್ತಿಲ್ಲ ಕಣೋ. ಮುರಿದೆ ಅಂತ ಕಾಣುತ್ತೆ.” ಮೂವತ್ತು ವರ್ಷ ಒಂದೂ ಅಪಘಾತವಿಲ್ಲದೆ ನಿವೃತ್ತರಾದವರ ದನಿ ನಡುಗುತ್ತಿತ್ತು.

ಕ್ಲಚ್ ಪೆಡಲ್ ಹೀಗೆ ನೆಲ ಹಿಡಿದು ಮಲಗುವುದು ಮಾಮೂಲು, ಕಾಲ ಬೆರಳಿನಿಂದ ಎತ್ತಬೇಕು ಎಂದು ಹೇಳಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಟ್ರ್ಯಾಕಿಗೆ ಅವರೂ ಬಂದರು. ಎಂಟು ಸುತ್ತು ಹೊಡೆದೆ, ಪೆಡಲ್ ಕಲ್ಲಿನಂತಿತ್ತು. ಇಳಿದು ಬಂದು ಬೀಗಿದೆ. ಮಾವ ಚಕ್ರದ ಸುಟ್ಟ ವಾಸನೆ ಮೂಸಿ, “ಘಾಟಿ ಹತ್ತಿದ ಗೇರಲ್ಲೇ ಇಳೀಬೇಕು. ಬರೀ ಬ್ರೇಕ್ ನಂಬ್ಕೊಂಡ್ರೆ ಶಿರಾಡೀಲಿ ಒಂದು ದಿನ ಬಾಳ್ತಿರಲಿಲ್ಲ ನೀನು” ಎಂದರು.

ವಾಪಸ್ಸು ಬರುವಾಗ ಕೆ.ಆರ್. ಪುರದಲ್ಲಿ ಸಿಕ್ಕಿಬಿದ್ದೆವು. ಇಡೀ ದಿನ ಟ್ರ್ಯಾಕಿನಲ್ಲಿ ಒತ್ತಿದ್ದಕ್ಕಿಂತ ಹೆಚ್ಚು ಸಲ ಕ್ಲಚ್ ಒತ್ತಿದ್ದು ಅಲ್ಲಿ. ಮುಂದಿನ ಟೆಂಪೊ ನಿಂತಿತು. ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದ ಮಾವನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು, ಕಣ್ಣು ತೆರೆಯದೆಯೇ “ಹೋಲ್ಡಾನ್” ಎಂದರು.

ಟೆಂಪೊ ಕದಲಿತು.

“ರೈಟ್” ಎಂದೆ. ಕಾಲು ಸಡಿಲವಾಯಿತು.