ಲೆನ್ಸಿಲ್ಲದ ಲೈಕಾ

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ನಮ್ಮ ಭಾವನಷ್ಟು ಬೇಗ ತೀರ್ಮಾನ ಹೇಳುವವರು ಕಡಿಮೆ. ರಾಶಿಗೆ ಕೈ ಹಾಕಿ ಒಂದು ಹಿಡಿ ಹಿಸುಕಿದರೆ ಸಾಕು. ಕರಿಪುಲಿಯೋ ಫ್ಲವರೋ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನಿಂದ ಎದ್ದುಬಂದ ಹಳೆಯದೋ ಎಲ್ಲಾ ಹೇಳಿ, ರೇಟು ಕೂಗಿ, ಬೆರಳು ಒರೆಸಿಕೊಂಡು ಮುಂದಿನ ರಾಶಿಗೆ ಹೋಗಿರುತ್ತಾರೆ. ಇದೇ ಮನುಷ್ಯ ಕ್ಯಾಮೆರಾಕ್ಕೆ ಒಂದು ಲೆನ್ಸ್ ಆರಿಸಲು ಕೂತಮೇಲೆ ಎಷ್ಟು ಹುಣಸೆ ಸುಗ್ಗಿ ಬಂದುಹೋದವೋ ಲೆಕ್ಕವಿಲ್ಲ.

ಕ್ಯಾಮೆರಾ ಸಾಮಾನ್ಯದ್ದಲ್ಲ. ಲೈಕಾ ಎಂ3. 1954ರಲ್ಲಿ ಮೊದಲು ಬಂದ ಮಾದರಿ. ಬೆಂಗಳೂರಿನಲ್ಲಿ ಯಾರೋ ಹಳೇ ಶೋಕಿದಾರರ ಮನೆಯವರಿಂದ ಕೊಂಡದ್ದು. ‘ಬಾಡಿ ತಗೊಂಡುಬಿಡೋಣ, ಲೆನ್ಸ್ ನಿಧಾನಕ್ಕೆ ನೋಡಿದರಾಯ್ತು’ ಅಂದರು. ಆ ನಿಧಾನ ಇನ್ನೂ ನಡೆದಿದೆ. ಲೆನ್ಸ್ ಕೂರಬೇಕಾದ ಜಾಗದಲ್ಲಿ ಒಂದು ಕರೀ ಪ್ಲಾಸ್ಟಿಕ್ ಮುಚ್ಚಳ ಕೂತಿದೆ.

ಬೇರೆ ಜಾತಿಯ ಕ್ಯಾಮೆರಾ ಆಗಿದ್ದರೆ ಇಷ್ಟು ಹೊತ್ತಿಗೆ ಬೇಸರ ಬಂದು ಮಾರಿರುತ್ತಿದ್ದರೇನೋ. ಆದರೆ ಇದು ರೇಂಜ್‌ಫೈಂಡರ್. ನೋಡುವ ಕಿಟಕಿ ಬೇರೆ, ಲೆನ್ಸ್ ಬೇರೆ. ಲೆನ್ಸ್ ಇರಲಿ ಬಿಡಲಿ, ಕಿಟಕಿಯಲ್ಲಿ ಕಣ್ಣಿಟ್ಟರೆ 50 ಎಂಎಂ ಚೌಕಟ್ಟು ಕಾಣುತ್ತದೆ. ಗುಂಡಿ ಒತ್ತಿದರೆ ಶಟರ್ ಮೆತ್ತಗೆ ‘ಟಿಕ್’ ಅನ್ನುತ್ತದೆ. ಹೀಗಾಗಿ ಭಾವ ಮದುವೆ, ಮುಂಜಿ, ಗೃಹಪ್ರವೇಶ ಒಂದನ್ನೂ ಬಿಡದೆ ‘ತೆಗೆಯುತ್ತಾರೆ’. ವಧೂವರರು ನಗುತ್ತಾರೆ. ಮುಚ್ಚಳ ಯಾರ ಕಣ್ಣಿಗೂ ಬೀಳುವುದಿಲ್ಲ, ಅಥವಾ ಬಿದ್ದವರು ದೊಡ್ಡವರೆಂದು ಸುಮ್ಮನಿರುತ್ತಾರೆ.

ಕ್ಯಾಮೆರಾ ಹುಚ್ಚಿನ ಈ ಬಳಗದವರು ಊರಿಗೊಬ್ಬರಿದ್ದಾರೆ. ಬೂಸು ಹಿಡಿಯದಂತೆ ಲೆನ್ಸಿನ ಪಕ್ಕ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಹೆಂಡತಿಯ ಒಡವೆಗಿಂತ ಜೋಪಾನ ಮಾಡುವವರು, ಚೀಲ ಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಕಳೆದವರು, ಇನ್ನೊಬ್ಬರ ಫೋಟೋ ನೋಡಿದಾಗ ಮುಖ ಬಿಟ್ಟು ಮೂಲೆಯ ಚೂಪು ನೋಡುವವರು. ಅವರೆಲ್ಲ ವಾಸಿ. ಅವರ ಜೊತೆ ನನಗೆ ಕಾರಿನಲ್ಲಿ ಕೂರುವ ಪ್ರಸಂಗ ಬರುವುದಿಲ್ಲ.

ಕಲ್ಯಾಣದುರ್ಗದಲ್ಲಿ ಭಾವನ ಕಡೆಯವರ ಮದುವೆ. ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ತೊಡೆಯ ಮೇಲೆ ಕಜ್ಜಾಯದ ಡಬ್ಬಿ. ಊರು ದಾಟುವ ಮೊದಲೇ ಭಾವ, “ಸಮ್ಮಿಕ್ರಾನ್ ಅಂತ ತೀರ್ಮಾನ ಮಾಡಿಬಿಟ್ಟೆ ಕಣಯ್ಯಾ. ಎಫ್ 2. ಹಗುರ, ಚಿಕ್ಕದು, ಯಾವ ರಗಳೆಯೂ ಇಲ್ಲ” ಅಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಡಕಶಿರಾ ಬೆಟ್ಟ ಕಾಣುವವರೆಗೂ ಕಾರಿನಲ್ಲಿ ಶಾಂತಿ ಇತ್ತು.

ಆಮೇಲೆ ರಸ್ತೆ ಕರ್ನಾಟಕಕ್ಕೆ ನುಗ್ಗಿತು. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುಪಾಲು ಆಂಧ್ರವೇ. ಕರ್ನಾಟಕದ ಗಾಳಿ ಬಿದ್ದದ್ದೇ ತಡ, “ಆದರೂ ನೋಡು, ಸಮ್ಮಿಲಕ್ಸ್ 1.4. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು! ಕತ್ತಲಲ್ಲಿ ಮೂವತ್ತನೇ ಒಂದು ಸೆಕೆಂಡು ಬೇಕಾದ ಕಡೆ ಅರವತ್ತನೇ ಒಂದರಲ್ಲಿ ಮುಗೀತದೆ” ಎಂದರು. ನಾನು ಪಾಠ ಒಪ್ಪಿಸಿದೆ: “ಫೋಕಸ್ಸು, ಭಾವ? ಒಂದು ಮೀಟರ್ ದೂರದಲ್ಲಿ ಎಫ್ 2ಕ್ಕೆ ಐದು ಸೆಂಟಿಮೀಟರಿನಷ್ಟು ಚೂಪು ಸಿಕ್ಕರೆ, 1.4ಕ್ಕೆ ಮೂರೂವರೆಯೂ ಇಲ್ಲ. ಕಣ್ಣು ಸಿಕ್ಕರೆ ಕಿವಿ ಹೋಯ್ತು.” ಜನ್ಮದಲ್ಲಿ ಒಂದು ಕ್ಯಾಮೆರಾ ಕೊಂಡವನಲ್ಲ ನಾನು. ಭಾವನ ಸಹವಾಸದಿಂದ, ನೆಂಟರ ಮನೆಯಲ್ಲಿ ಬಲ್ಬು ನೋಡಿದ ಕೂಡಲೇ ಎಷ್ಟು ಸ್ಟಾಪ್ ಕಡಿಮೆ ಎಂದು ಲೆಕ್ಕ ಹಾಕುವ ರೋಗ ಅಂಟಿದೆ.

ಪಾವಗಡ ದಾಟಿ ಮತ್ತೆ ಆಂಧ್ರದ ಗಡಿ ಸಮೀಪಿಸುವಾಗ ನಾಕ್ಟಿಲಕ್ಸ್ ಎದ್ದಿತು. 1966ರಲ್ಲಿ ಎಫ್ 1.2 ಆಗಿ ಹುಟ್ಟಿ, ಆಮೇಲೆ ಎಫ್ 1 ಆಗಿ, 2008ರಲ್ಲಿ 0.95ಕ್ಕೆ ಇಳಿದ ಮಹಾಶಯ. ಬೆಲೆಯೊಂದು ಮಾತ್ರ ಇಳಿಯಲಿಲ್ಲ. ಹೊಸದಕ್ಕೆ ಹತ್ತು ಲಕ್ಷ ದಾಟುತ್ತದೆ. ಜೊತೆಗೆ ಜೈಸ್‌ನ ಸೊನ್ನಾರ್ 1.5 ಬೇರೆ. ಅದರ ದ್ವಾರ ಕಿರಿದು ಮಾಡುತ್ತ ಹೋದರೆ ಫೋಕಸ್ಸೇ ಹಿಂದಕ್ಕೆ ಸರಿಯುತ್ತದಂತೆ. “ಅದು ದೋಷ ಅಲ್ಲವಯ್ಯಾ, ಅದರ ಗುಣ” ಎಂದರು ಭಾವ. ಹೆಂಡತಿಯ ಬಗ್ಗೆ ಅವರು ಇಷ್ಟು ಉದಾರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

“ರೀ, ಸರ್ಕಾರ ಬದಲಾದಾಗೆಲ್ಲ ಲೆನ್ಸ್ ಬದಲಾಯಿಸ್ತೀರಲ್ಲ, ವಾಪಸ್ ಬರುವಾಗಲೂ ಇದೇ ದಾರೀನಾ?” ಎಂದಳು ಅಕ್ಕ.

ಹೊರಗೆ ಬಿಸಿಲು ಸುರಿಯುತ್ತಿತ್ತು. ತಡೆಯಲಾಗದೆ ಕೇಳಿದೆ: “ಭಾವ, ಇದೇ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಬೆಳಕು ಹೆಚ್ಚಾಗಿ ಸರ್ಕಾರ ಅದನ್ನು ಮಾರಿಕೊಳ್ಳುತ್ತಿರುವ ಸೀಮೆ ಇದು. ನಿಮಗೆ ಇನ್ನೂ ಬೆಳಕು ಯಾಕೆ?” ಲೆಕ್ಕವೂ ನನ್ನ ಕಡೆಗೇ ಇತ್ತು. ಎಂ3ರ ಶಟರ್ ಎಷ್ಟು ಓಡಿದರೂ ಸೆಕೆಂಡಿನ ಸಾವಿರದಲ್ಲೊಂದು ಭಾಗ. 400ರ ಫಿಲ್ಮ್ ಹಾಕಿ ಅನಂತಪುರ ಸೀಮೆಯ ಮಧ್ಯಾಹ್ನಕ್ಕೆ ಹಿಡಿದರೆ ದ್ವಾರವನ್ನು ಎಫ್ 11ಕ್ಕೆ ಮುಚ್ಚಲೇಬೇಕು. 1.4ಕ್ಕೆ ತೆರೆದರೆ 64 ಪಟ್ಟು ಬೆಳಕು ನುಗ್ಗುತ್ತದೆ. ಅಂದರೆ ಲಕ್ಷಗಟ್ಟಲೆ ಸುರಿದು ದೊಡ್ಡ ಬಾಗಿಲು ಮಾಡಿಸಿ, ಸಂದಿ ಮಾತ್ರ ತೆರೆದಿಟ್ಟ ಹಾಗೆ. ಭಾವ ಸ್ವಲ್ಪ ಹೊತ್ತು ಯೋಚಿಸಿ, “ಮದುವೆ ಒಳಗಲ್ಲವೇನಯ್ಯಾ ನಡೆಯೋದು” ಎಂದರು. ಹೋಗಿ ನೋಡಿದರೆ, ಒಳಗೆ ವಿಡಿಯೋದವನು ಎಲ್‌ಇಡಿ ಹಚ್ಚಿ ಮಂಟಪವನ್ನು ಹೊರಗಿನ ಬಿಸಿಲಿಗೆ ಸಮ ಮಾಡಿದ್ದ.

ಮಾರನೆಯ ಸಂಜೆ ಭಾವನ ಸೋದರತ್ತೆಯ ಮನೆಗೆ ಹೋದೆವು. ಹಳೇ ಮಾಳಿಗೆ ಮನೆ. ಪಡಸಾಲೆಯಲ್ಲಿ ಅತ್ತೆ ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದರು. ಭಾವ ನನ್ನ ಭುಜ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದರು. “ಇಲ್ಲಿಂದ ನೋಡು. ಕೈ ಮೇಲೆತ್ತಲಿ, ತಡಿ.” ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು ಮೊರದ ಧೂಳಿನಲ್ಲಿ ನಿಂತಿತ್ತು. ಅತ್ತೆ ಹೊಟ್ಟು ಊದಿದಾಗ ಅದು ಮುಖದವರೆಗೂ ಎದ್ದು, ಮೂಗುಬಟ್ಟು ಮುಟ್ಟಿ ಕೂತಿತು. ಟಿಕ್.

“ಬಿತ್ತೇನೋ?” ಅಂದರು ಅತ್ತೆ.

“ಚೆನ್ನಾಗಿ ಬಿತ್ತು ಅತ್ತೆ.”

ನಾನು ಫೋನಿನಲ್ಲಿ ತೆಗೆದೆ. ಫೋನು ಜಾಣ, ಕತ್ತಲೆಯನ್ನೆಲ್ಲ ಬೆಳಗಿಸಿ, ಬಿಸಿಲನ್ನೆಲ್ಲ ತಗ್ಗಿಸಿ ಎಲ್ಲವನ್ನೂ ಸಮ ಮಾಡಿಕೊಟ್ಟಿತು. ಅತ್ತೆ ಇದ್ದರು, ಮೊರ ಇತ್ತು, ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯೂ ಇತ್ತು. ಬಿಸಿಲಕೋಲು ಇರಲಿಲ್ಲ. ಅದು ಬೇಕೆನಿಸಿದಾಗ ಈಗಲೂ ಭಾವ ನನ್ನನ್ನು ಸರಿಸಿ ನಿಲ್ಲಿಸಿದ ಜಾಗ ನೆನಪು ಮಾಡಿಕೊಳ್ಳಬೇಕು. ಅಷ್ಟು ವರ್ಷ ನಾಲ್ಕು ಲೆನ್ಸುಗಳ ನಡುವೆ ಒದ್ದಾಡುತ್ತ ಈ ಮನುಷ್ಯ ಸುಮ್ಮನೆ ಕೂತಿರಲಿಲ್ಲ, ನೋಡುವುದನ್ನು ಕಲಿತುಬಿಟ್ಟಿದ್ದರು. ಸಿಟ್ಟು ಮಾಡಿಕೊಳ್ಳಲು ಹೋದರೆ ಈ ಸಂಜೆ ಅಡ್ಡ ಬರುತ್ತದೆ. ಇದೂ ಒಂದು ಕಿರಿಕಿರಿಯೇ.

ಈ ಯುಗಾದಿಗೆ ಅಕ್ಕ ಯಾರನ್ನೂ ಕೇಳದೆ ಮಗನಿಗೆ ಹೇಳಿ ಒಂದು ಹಳೇ ರಷ್ಯನ್ ಲೆನ್ಸ್ ತರಿಸಿದಳು. ಜುಪಿಟರ್-8, 50 ಎಂಎಂ, ಎಫ್ 2. ಜೈಸ್ ಸೊನ್ನಾರಿನ ವಂಶದ್ದೇ, ಬೆಲೆ ಮಾತ್ರ ಬಡವರದು. ಭಾವ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿ ನೋಡಿದರು. “ಹತ್ತಿರದ ಫೋಕಸ್ ಲೈಕಾ ಅಳತೆಗೆ ಸರಿಯಾಗಿ ಕೂಡಲ್ಲ” ಎಂದರು. ಆದರೆ ಕೆಳಗಿಡಲಿಲ್ಲ. ಅದರದು ತಿರುಪಿನ ಬಾಯಿ, ಎಂ3ಕ್ಕೆ ಹಾಕಲು ನಡುವೆ ಒಂದು ಅಡಾಪ್ಟರ್ ಉಂಗುರ ಬೇಕು.

ಮೊನ್ನೆ ಫೋನ್ ಮಾಡಿದ್ದರು. ಉಂಗುರದಲ್ಲಿ ಮೂರು ಬಗೆಯಂತೆ: 28–90, 35–135, 50–75. ನಿಮ್ಮದು 50, ಮೂರನೆಯದೇ ಸರಿಯಲ್ಲವೇ ಭಾವ ಎಂದೆ.

“ಸರಿನೇ. ಆದರೆ ಅದರಲ್ಲಿ ಜರ್ಮನಿದು, ಜಪಾನಿದು, ಚೀನಾದ್ದು ಇದೆಯಲ್ಲಯ್ಯಾ. ನಿಧಾನಕ್ಕೆ ನೋಡೋಣ.”